ಪರಿಸರ ವಿಜ್ಞಾನ ತಗೊಳ್ಳಿ, ಕೆಮಿಸ್ಟ್ರಿ ಬಿಡಬೇಡಿ

ಪ್ರಶ್ನೆ: ಮೇಡಂ, ನಾನು ಪಾವಗಡ ತಾಲೂಕಿನವಳು. ಸೆಕೆಂಡ್ ಪಿಯು ಪಿಸಿಎಂಬಿ ಮುಗಿಯಿತು. ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಜ್ಜಿಗೆ ಮಂಡಿ ಬಗ್ಗಿಸಲು ಆಗುವುದಿಲ್ಲ, ನಮ್ಮ ಬೀದಿಯ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಅದಕ್ಕೇ ನನಗೆ ಪರಿಸರ ವಿಜ್ಞಾನ ಓದುವ ಆಸೆ. ಮನೆಯಲ್ಲಿ ಮಾತ್ರ "ಅದನ್ನು ಓದಿ ಗಿಡ ನೆಡ್ತೀಯಾ? ಕೆಲಸ ಯಾರು ಕೊಡ್ತಾರೆ?" ಅಂತಾರೆ. ಕಾಲೇಜಿನಲ್ಲಿ ಎರಡು ಕಾಂಬಿನೇಷನ್ ಇದೆ. ಒಂದರಲ್ಲಿ ಕೆಮಿಸ್ಟ್ರಿ ಇದೆ, ಇನ್ನೊಂದರಲ್ಲಿ ಇಲ್ಲ. ನನಗೆ ಕೆಮಿಸ್ಟ್ರಿ ಸ್ವಲ್ಪ ಕಷ್ಟ. ಯಾವುದು ತಗೊಳ್ಳಲಿ?
ವಿದ್ಯಾರ್ಥಿನಿ, ಪಾವಗಡ

ಉತ್ತರ: ಕೆಮಿಸ್ಟ್ರಿ ಇರುವುದನ್ನೇ ತಗೊಳ್ಳಿ. ಕಷ್ಟ ಅನ್ನಿಸಿದರೂ ಅದನ್ನೇ. ಯಾಕೆ ಅಂತ ನಿಮ್ಮೂರಿನ ನೀರನ್ನೇ ಇಟ್ಟುಕೊಂಡು ಹೇಳುತ್ತೇನೆ.

ನಿಮ್ಮ ಕಡೆಯ ಫ್ಲೋರೈಡ್ ಬಂಡೆಯೊಳಗಿಂದ ಬಂದದ್ದು. ಗ್ರಾನೈಟ್‌ನಂಥ ಕಲ್ಲಿನಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಅನ್ನುವ ಖನಿಜಗಳಿರುತ್ತವೆ. ನೀರು ವರ್ಷಗಟ್ಟಲೆ ಆ ಕಲ್ಲಿನ ಬಿರುಕುಗಳಲ್ಲಿ ನಿಂತಾಗ ಫ್ಲೋರೈಡ್ ನಿಧಾನಕ್ಕೆ ಕರಗಿ ಸೇರುತ್ತದೆ, ಅದರಲ್ಲೂ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ ಇದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು ಕರಗುತ್ತದೆ. ಮಳೆ ಕಡಿಮೆ, ಬೋರ್ ಆಳಕ್ಕೆ ಇಳಿಯುತ್ತಲೇ ಇದೆ, ಹಳೆಯ ನೀರು ಮೇಲೆ ಬರುತ್ತಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಅನ್ನುವುದು ಭಾರತೀಯ ಮಾನಕ. ನೋಡಿ, ಒಂದು ಲೋಟ ನೀರನ್ನು ಅರ್ಥ ಮಾಡಿಕೊಳ್ಳಲು ಭೂವಿಜ್ಞಾನ ಬೇಕಾಯಿತು, ಕೆಮಿಸ್ಟ್ರಿ ಬೇಕಾಯಿತು, ಹಲ್ಲು ಮೂಳೆಗಳ ವಿಷಯ ಬಂತು, ಸರ್ಕಾರದ ಮಾನಕವೂ ಬಂತು. ಪರಿಸರ ವಿಜ್ಞಾನದ ಡಿಗ್ರಿಯಲ್ಲಿ ಓದುವುದು ಇದನ್ನೇ.

ಇನ್ನೂ ಮುಂದೆ ಹೋಗಿ. ಈಗ ಎಷ್ಟೋ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಆರ್‌ಒ ಪೊರೆ ಫ್ಲೋರೈಡ್ ಹಿಡಿಯುತ್ತದೆ, ಸರಿ. ಹಿಡಿದದ್ದು ಎಲ್ಲಿಗೆ ಹೋಯಿತು? ಹಿಂದಿನ ಪೈಪಿನಿಂದ ಹೊರಬೀಳುವ ನೀರಿಗೆ. ಆ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಜಾಸ್ತಿ, ಅದನ್ನು ಚರಂಡಿಗೆ ಬಿಟ್ಟರೆ ಮತ್ತೆ ಮಣ್ಣಿಗೇ ಸೇರುತ್ತದೆ. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಅವರು ರೂಪಿಸಿದ ನಲ್ಗೊಂಡ ವಿಧಾನ ಅಂತ ಒಂದಿದೆ. ಪಟಿಕ ಮತ್ತು ಸುಣ್ಣ ಹಾಕಿ ಕಲಕಿ ಫ್ಲೋರೈಡನ್ನು ತಳಕ್ಕೆ ಇಳಿಸುವುದು. ಅಗ್ಗದ್ದು, ಆದರೆ ತಳದಲ್ಲಿ ಉಳಿದ ಕೆಸರನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಅಲ್ಲೂ ಇದೆ. ಇಂಥ ಪ್ರಶ್ನೆ ಕೇಳುವವರು, ಅಳೆದು ಉತ್ತರ ಹೇಳುವವರು ನಮ್ಮ ತಾಲೂಕುಗಳಲ್ಲಿ ಬಹಳ ಕಡಿಮೆ ಇದ್ದಾರೆ. ಆ ಊರಿನಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಇದನ್ನು ಓದಲು ಹೊರಟಿದ್ದಾಳೆ ಅಂದರೆ ನನಗೆ ನಿಜಕ್ಕೂ ಖುಷಿ.

ಕೆಮಿಸ್ಟ್ರಿ ಭಯದ ಬಗ್ಗೆ ಒಂದು ಮಾತು. ಪಿಯುನಲ್ಲಿ ಹೆದರಿಸುವುದು ಹೆಚ್ಚಾಗಿ ಆರ್ಗಾನಿಕ್ ಭಾಗ. ನೀರು, ಗಾಳಿ, ಮಣ್ಣು ಪರೀಕ್ಷೆಗೆ ದಿನಾ ಬೇಕಾಗುವುದು ಮೋಲ್ ಲೆಕ್ಕ, ನಾರ್ಮಾಲಿಟಿ, ಟೈಟ್ರೇಷನ್, ಪಿಎಚ್. ಈ ರಜದಲ್ಲಿ ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಸಾಕು, ಮೊದಲ ವರ್ಷ ಸಲೀಸು.

ಇನ್ನು ಮನೆಯವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ, ಅವರ ಮೇಲೆ ಬೇಜಾರಾಗಬೇಡಿ. ಬರೀ ಬಿ.ಎಸ್‌ಸಿ.ಗೆ ಸಿಗುವುದು ಸ್ಯಾಂಪಲ್ ತರುವ ಕೆಲಸ, ಖಾಸಗಿ ಲ್ಯಾಬಿನಲ್ಲಿ ಅನಲಿಸ್ಟ್ ಕೆಲಸ, ಕಾರ್ಖಾನೆ ಅಥವಾ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುವ ಕೆಲಸ. ಮೊದಮೊದಲು ಸಂಬಳ ಕಡಿಮೆಯೇ. ಹಾಗಾಗಿ ಮನೆಯಲ್ಲಿ ಕೂತು ಮಾತಾಡುವಾಗ ಇದು ಐದು ವರ್ಷದ ಓದು ಅಂತಲೇ ಹೇಳಿ. ಕರ್ನಾಟಕ 2024-25ರಿಂದ ಮತ್ತೆ 3 ವರ್ಷದ ಡಿಗ್ರಿಗೆ ಬಂದಿದೆ, ಅದರ ಮೇಲೆ 2 ವರ್ಷ ಎಂ.ಎಸ್‌ಸಿ. ಮೈಸೂರು, ಬೆಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್‌ಸಿ. ವಿಭಾಗಗಳಿವೆ. ಎಂ.ಎಸ್‌ಸಿ. ಆದಮೇಲೆ ದಾರಿ ಅಗಲವಾಗುತ್ತದೆ. ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಪ್ರಕಾರ ಗಣಿ, ವಿದ್ಯುತ್ ಸ್ಥಾವರ, ಹೆದ್ದಾರಿಯಂಥ ದೊಡ್ಡ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು, ಅದಕ್ಕೆ ವರದಿ ತಯಾರಿಸುವ ಸಂಸ್ಥೆಗಳಿಗೆ ನೀರು, ಗಾಳಿ, ಶಬ್ದ, ಜೀವವೈವಿಧ್ಯ ಅಂತ ಒಂದೊಂದಕ್ಕೂ ಬೇರೆ ಬೇರೆ ಪರಿಣತರು ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸವೇ ನಿಮ್ಮ ಗುರಿಯಾದರೆ ಈಗಲೇ ಒಂದು ವಿಷಯ ತಿಳಿದಿರಲಿ. ಅಲ್ಲಿನ ಪರಿಸರ ಅಧಿಕಾರಿ ಹುದ್ದೆಗಳಿಗೆ ಹೆಚ್ಚಾಗಿ ಇಂಜಿನಿಯರಿಂಗ್ ಓದಿದವರನ್ನು ಕೇಳುತ್ತಾರೆ, ವಿಜ್ಞಾನ ಓದಿದವರಿಗೆ ಲ್ಯಾಬ್ ಕಡೆಯ ಹುದ್ದೆಗಳು. ನಿಮಗೆ ಮ್ಯಾಥ್ಸ್ ಇದೆಯಲ್ಲ, ಸಿಇಟಿ ಬರೆದಿದ್ದರೆ ಮೈಸೂರಿನ ಎಸ್‌ಜೆಸಿಇ ಕಾಲೇಜಿನಲ್ಲಿರುವಂಥ ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಕೂಡ ಒಮ್ಮೆ ನೋಡಿ.

ಕೆಮಿಸ್ಟ್ರಿ ಕೈಯಲ್ಲಿದ್ದರೆ ಇನ್ನೊಂದು ಅನುಕೂಲ ಇದೆ. ಮೂರು ವರ್ಷದ ನಂತರ ಮನಸ್ಸು ಬದಲಾದರೆ ಎಂ.ಎಸ್‌ಸಿ. ಕೆಮಿಸ್ಟ್ರಿಗೂ ಹೋಗಬಹುದು, ಔಷಧ ಅಥವಾ ಆಹಾರದ ಲ್ಯಾಬುಗಳಿಗೂ ಹೋಗಬಹುದು. ಬಿ.ಎಡ್. ಮಾಡಿ ಟೀಚರ್ ಆಗುವ ಯೋಚನೆ ಒಂದಿಷ್ಟಾದರೂ ಇದ್ದರೆ ಮಾತ್ರ, ಅರ್ಜಿ ಹಾಕುವ ಮೊದಲೇ ಶಿಕ್ಷಕರ ನೇಮಕಾತಿಗೆ ಯಾವ ಕಾಂಬಿನೇಷನ್ ಆಗುತ್ತದೆ ಅಂತ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಬಿ.ಕಾಂ.ನಲ್ಲೂ ಪರಿಸರದ ಒಂದು ಪೇಪರ್ ಇದೆ. ಪರಿಸರ ವಿಜ್ಞಾನದ ಡಿಗ್ರಿ ಅಂದರೆ ಅದನ್ನೇ ಮೂರು ವರ್ಷ ಓದುವುದಾ?
ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಲ್ಲ. ನಿಮ್ಮ ಪೇಪರ್ ಎಲ್ಲರಿಗೂ ಕಡ್ಡಾಯವಾದದ್ದು. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದಿಂದ ಅದು ಶುರುವಾಯಿತು. ಡಿಗ್ರಿಯಲ್ಲಿ ಲ್ಯಾಬ್, ಫೀಲ್ಡ್, ಅಂಕಿಅಂಶ ಎಲ್ಲ ಇರುತ್ತದೆ. ನೀವು ಬಿ.ಕಾಂ. ಬಿಡಬೇಕಾಗಿಲ್ಲ. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳು ತಮ್ಮ ನೀರು, ವಿದ್ಯುತ್, ಹೊಗೆ, ಕಸದ ಲೆಕ್ಕವನ್ನೂ ವರದಿ ಮಾಡಬೇಕು ಅಂತ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ಕಡ್ಡಾಯ ಮಾಡಿದೆ. ಆ ಲೆಕ್ಕ ಬರೆಯಲು ಕಾಮರ್ಸ್ ಓದಿದವರೂ ಬೇಕು.

ಪ್ರಶ್ನೆ: ಮಗನಿಗೆ ಕಾಡು ಅಂದರೆ ಪ್ರಾಣ. ಅರಣ್ಯ ಇಲಾಖೆಗೆ ಸೇರಬೇಕು ಅನ್ನುತ್ತಾನೆ. ಪರಿಸರ ವಿಜ್ಞಾನಕ್ಕೆ ಹಾಕಲೇ, ಫಾರೆಸ್ಟ್ರಿಗೆ ಹಾಕಲೇ?
ಒಬ್ಬ ತಂದೆ, ಶಿರಸಿ

ಉತ್ತರ: ಇಲಾಖೆಯೇ ಗುರಿಯಾದರೆ ಫಾರೆಸ್ಟ್ರಿ. ಕಾಲೇಜು ನಿಮ್ಮ ಊರಲ್ಲೇ ಇದೆ, ಇನ್ನೊಂದು ಕೊಡಗಿನ ಪೊನ್ನಂಪೇಟೆಯಲ್ಲಿ. ಸೀಟು ಸಿಇಟಿ ಮೂಲಕ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ವಿಚಾರಿಸಿ. ಅಲ್ಲಿ ಸೀಟು ಸಿಗದೆ ಪರಿಸರ ವಿಜ್ಞಾನಕ್ಕೆ ಹಾಕುವುದಾದರೆ ಒಂದು ವಿಷಯವನ್ನು ದಯವಿಟ್ಟು ಗಮನದಲ್ಲಿಡಿ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಯುಪಿಎಸ್‌ಸಿ ಕೇಳುವ ಡಿಗ್ರಿ ವಿಷಯಗಳ ಪಟ್ಟಿಯಲ್ಲಿ ಬಾಟನಿ, ಜುವಾಲಜಿ, ಕೆಮಿಸ್ಟ್ರಿ, ಜಿಯಾಲಜಿ, ಫಿಸಿಕ್ಸ್, ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್, ಪಶುವೈದ್ಯಕೀಯ ಇವೆ, ಕೃಷಿ, ಫಾರೆಸ್ಟ್ರಿ, ಇಂಜಿನಿಯರಿಂಗ್ ಡಿಗ್ರಿಯೂ ಆಗುತ್ತದೆ, ಪರಿಸರ ವಿಜ್ಞಾನ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಕಾಡು ಉಳಿಸುವ ಸೇವೆಗೆ ಪರಿಸರ ಓದಿದವರು ಬೇಡವೇ? ಆದರೆ ಈಗಿನ ನಿಯಮ ಹಾಗಿದೆ. ಜೊತೆಗೆ ಬಾಟನಿಯೋ ಜುವಾಲಜಿಯೋ ಇರುವ ಕಾಂಬಿನೇಷನ್ ತೆಗೆದುಕೊಂಡರೆ ಆ ಬಾಗಿಲು ಮುಚ್ಚುವುದಿಲ್ಲ. ಬರೀ ಪರಿಸರ ವಿಜ್ಞಾನದ ಹೆಸರಿನ ಡಿಗ್ರಿಗೆ ಸೇರಿಸಿ, ಕೊನೆಯ ವರ್ಷದಲ್ಲಿ ಇದು ಗೊತ್ತಾದರೆ ಹುಡುಗನ ಎದೆ ಒಡೆಯುತ್ತದೆ.

ಪ್ರಶ್ನೆ: ನಾನು ಪರಿಸರ ವಿಜ್ಞಾನ ಎರಡನೇ ವರ್ಷ. ಬರೀ ನೋಟ್ಸ್ ಬರೆಸುತ್ತಾರೆ. ಫೀಲ್ಡ್ ಇಲ್ಲ, ಲ್ಯಾಬ್ ಹೆಸರಿಗೆ ಮಾತ್ರ. ಸುಮ್ನೆ ಟೈಮ್ ಹೋಗುತ್ತಿದೆ ಅನ್ನಿಸುತ್ತದೆ. ಏನು ಮಾಡಲಿ?
ವಿದ್ಯಾರ್ಥಿ, ಕೋಲಾರ

ಉತ್ತರ: ನಿಮ್ಮ ಜಿಲ್ಲೆಯಲ್ಲೇ ಇಡೀ ರಾಜ್ಯ ನೋಡುತ್ತಿರುವ ಫೀಲ್ಡ್ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಿಮ್ಮ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಮೇಲೆ ಬರಲಿ ಅಂತ. ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ಖುಷಿಪಟ್ಟ ರೈತರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಹೋರಾಡುವ ರೈತರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಎಷ್ಟು ನಿಜ ಇದೆ ಅಂತ ತಿಳಿಯಬೇಕಾದರೆ ಅಳತೆ ಬೇಕು.

ಈ ನೀರು ಬರುವ ಒಂದು ಕೆರೆ, ಬರದ ಒಂದು ಕೆರೆ ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನೀರು ತೆಗೆಯಿರಿ. ಹೊತ್ತು ಮುಖ್ಯ, ಯಾಕೆಂದರೆ ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ಮಧ್ಯಾಹ್ನದ ಅಳತೆ ಚೆನ್ನಾಗಿ ಕಾಣುತ್ತದೆ, ಬೆಳಗಿನ ಜಾವದ್ದು ನಿಜ ಹೇಳುತ್ತದೆ. ತಾಪಮಾನ, ಪಿಎಚ್, ವಾಹಕತೆ ಅಲ್ಲೇ ನೋಡಿ. ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ ಇದೆ, ದೊಡ್ಡ ಯಂತ್ರ ಬೇಡ. ಬಾಟಲಿಯೊಳಗೆ ಗಾಳಿಗುಳ್ಳೆ ಉಳಿಯಬಾರದು, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಅಲ್ಲೇ ದಡದಲ್ಲಿ ಹಾಕಿ ಮುಚ್ಚಬೇಕು, ಟೈಟ್ರೇಷನ್ ಕಾಲೇಜಿಗೆ ಬಂದು ಮಾಡಬಹುದು. ಬಿಒಡಿ, ಅಂದರೆ ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ, ಅದನ್ನು ಮಾಡಲು ನಮ್ಮ ದೇಶದಲ್ಲಿ ಸ್ಯಾಂಪಲ್ ಅನ್ನು 27 ಡಿಗ್ರಿಯಲ್ಲಿ 3 ದಿನ ಇಡುತ್ತಾರೆ. ಕಾಲೇಜಿನಲ್ಲಿ ಇನ್‌ಕ್ಯುಬೇಟರ್ ಇದೆಯಾ ಅಂತ ಮೇಷ್ಟ್ರನ್ನು ಕೇಳಿ. ಹುಡುಗರೇ ಮುಂದೆ ಬಂದು ಕೇಳಿದರೆ ಬೀಗ ಹಾಕಿಟ್ಟ ಲ್ಯಾಬ್ ತೆಗೆಸುವ ಮೇಷ್ಟ್ರುಗಳು ಇದ್ದಾರೆ.

ಜೊತೆಗೆ ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಸಾಫ್ಟ್‌ವೇರ್ ಕಲಿಯಿರಿ. ಅದು ಉಚಿತ, ಕೆರೆ ನಕ್ಷೆ ಮಾಡುವುದರಿಂದ ಶುರು ಮಾಡಿ. ಪಾಠಗಳು ಸ್ವಯಂ ಮತ್ತು ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಕಲಿಕೆಯ ತಾಣಗಳಲ್ಲಿ ಸಿಗುತ್ತವೆ. ಒಂದು ವರ್ಷದ ಅಳತೆಯ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಯಾವ ಎಂ.ಎಸ್‌ಸಿ. ಸಂದರ್ಶನದಲ್ಲೂ ಮಾತಾಡಲು ಸ್ವಂತದ್ದೊಂದು ಇರುತ್ತದೆ. ಮುಂದೆ ಬೇಕಾದರೆ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಒಂದು ವಿಷಯವಾಗಿ ಇದೆ, ಗೇಟ್‌ನಲ್ಲೂ 2021ರಿಂದ ಪ್ರತ್ಯೇಕ ಪೇಪರ್ ಬಂದಿದೆ.

ಕೆರೆಗೆ ಒಬ್ಬರೇ ಹೋಗಬೇಡಿ. ನೀರಿಗೆ ಇಳಿಯಬೇಡಿ, ಏರಿಯ ಮೇಲಿಂದ ಹಗ್ಗ ಕಟ್ಟಿದ ಬಕೆಟ್ ಬಿಟ್ಟು ತೆಗೆಯಿರಿ. ಕೈಗೆ ಗ್ಲೌಸ್ ಇರಲಿ. ಪಂಚಾಯಿತಿಯಲ್ಲಿ ಮೊದಲೇ ಒಂದು ಮಾತು ಹೇಳಿಟ್ಟರೆ ಯಾರೂ ತಡೆಯುವುದಿಲ್ಲ, ಬಂದ ಅಂಕಿಗಳನ್ನು ಅವರಿಗೂ ಒಂದು ಪ್ರತಿ ಕೊಡಿ.