ವಿಮಾನದ ಫೋಟೋ ಗುಂಪಿಗೆ ಹೊಸದಾಗಿ ಸೇರಿದವರು ಏನು ಗಮನಿಸಬೇಕು?

ಮೊದಲನೆಯದು, ಬೇರೆಯವರ ಫೋಟೋ ಕೇಳದೆ ಹಾಕಬೇಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಹಕ್ಕು ಫೋಟೋ ತೆಗೆದವರದ್ದೇ. ಮೂಲೆಯಲ್ಲಿರುವ ಅವರ ಹೆಸರು ಕಾಣದ ಹಾಗೆ ಕತ್ತರಿಸಿ 'ಇಂಟರ್ನೆಟ್‌ನಲ್ಲಿ ಸಿಕ್ತು' ಅನ್ನೋದು ಸುಮ್ನೆ ಕಳ್ಳತನ, ಅಲ್ವಾ? ಎರಡು ತಾಸು ಬಿಸಿಲಲ್ಲಿ ನಿಂತವರು ಅವರು.

ನಿಮ್ಮ ಫೋಟೋ ಹಾಕುವಾಗ ವಿಮಾನದ ಮಾದರಿ, ನೋಂದಣಿ ಅಕ್ಷರ (ನಮ್ಮ ದೇಶದ್ದಾದರೆ 'ವಿಟಿ'ಯಿಂದ ಶುರುವಾಗುತ್ತದೆ), ಊರು, ತಾರೀಕು ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆದರೆ ಯಾರೂ ನಗುವುದಿಲ್ಲ. ನಾನು ಮೊದಲ ಸಲ ಒಂದು ಫೋಟೋಗೆ ಧೈರ್ಯವಾಗಿ 'ಬೋಯಿಂಗ್' ಅಂತ ಬರೆದಿದ್ದೆ. ಹಿರಿಯರೊಬ್ಬರು ಎಲ್ಲರ ಮುಂದೆ ಹೇಳದೆ ಖಾಸಗಿಯಾಗಿ ಮೆಸೇಜ್ ಹಾಕಿದರು: 'ಪ್ರೊಪೆಲರ್ ನೋಡ್ರಿ, ಎಟಿಆರ್ 72 ಅದು.' (ಬೇರೆ ಕಂಪನಿಯ ಪ್ರೊಪೆಲರ್ ವಿಮಾನ.) ತಪ್ಪು ತಿದ್ದೋದಂದ್ರೆ ಹೀಗೆ. ಫೋಟೋ ವಾಲಿದೆ, ರನ್‌ವೇ ಕಾವಿಗೆ ಚಕ್ರದ ಹತ್ತಿರ ಅಲೆಯಾಡಿದೆ ಅಂತ ಬಿಡಿಸಿ ಹೇಳಿದರೆ ಉಪಯೋಗ. 'ಚೆನ್ನಾಗಿಲ್ಲ' ಅಂದರೆ ಏನೂ ಇಲ್ಲ. ಮೊಬೈಲಲ್ಲಿ ತೆಗೆದಿದ್ದಕ್ಕೆ ಅಣಕ ಮಾಡೋದಂತೂ ಬೇಡವೇ ಬೇಡ.

ಬೆಳಗಾವಿಯವರಿಗೆ ಇನ್ನೊಂದು ಮಾತು, ಇದು ಜಾಸ್ತಿ ಮುಖ್ಯ. ನಮ್ಮ ವಿಮಾನ ನಿಲ್ದಾಣ ಇರುವ ಸಾಂಬ್ರಾದಲ್ಲಿ ವಾಯುಪಡೆಯ ನೆಲೆಯೂ ಇದೆ. ಆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಅಂಥ ಫೋಟೋ ಯಾರಾದರೂ ಹಾಕಿದ್ದರೆ ಹಂಚಬೇಡಿ, 'ಎಲ್ಲಿಂದ ತೆಗೆದ್ರಿ?' ಅಂತ ಎಲ್ಲರ ಮುಂದೆ ಕೇಳಲೂ ಬೇಡಿ. ಕಾವಲುಗಾರರು ಬೇಡ ಅಂದರೆ ವಾದಿಸದೆ ಕ್ಯಾಮೆರಾ ಚೀಲಕ್ಕೆ ಹಾಕಿ. ಒಬ್ಬರು ಜಗಳ ಮಾಡಿದರೆ ಮರುದಿನ ಬರುವ ಎಲ್ಲರಿಗೂ ತೊಂದರೆ.