ಕಬ್ಬು ಕಡಿಯಲು ಬಂದವರು ಟಿಬಿ ಮಾತ್ರೆ ನಡುವೆ ಯಾಕೆ ಬಿಡುತ್ತಾರೆ?

ಮಾತ್ರೆ ಪುಕ್ಕಟೆ ಸಿಗುವಾಗ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದವರು ಅರ್ಧಕ್ಕೇ ಯಾಕೆ ಬಿಡುತ್ತಾರೆ, ರಾಜ್ಯ ಬೇರೆ ಅಂತ ಇಲ್ಲಿ ಕೊಡುವುದಿಲ್ಲವೇ ಅಂತ ಕೇಳಿದ್ದೀರಿ. ಕೊಡುತ್ತಾರೆ. ನಾನು ಬೆಳಗಾವಿ ಜಿಲ್ಲೆಯ ಅಥಣಿ ಕಡೆಯವನು. ಇಲ್ಲಿ ಆಸ್ಪತ್ರೆ ವಿಷಯದಲ್ಲಿ ಗಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸ್ವಲ್ಪ ಜಾಸ್ತಿ ಕಾಯಿಲೆಯಾದರೆ ನಾವೇ ಮಹಾರಾಷ್ಟ್ರದ ಮಿರಜ್‌ಗೆ ಹೋಗುತ್ತೇವೆ. ಭಾಷೆಯೂ ತೊಡಕಲ್ಲ, ನಮ್ಮ ಕಡೆ ಬಹಳಷ್ಟು ಜನಕ್ಕೆ ಮರಾಠಿ ಬರುತ್ತದೆ. ಟಿಬಿ ಅಂತ ಗೊತ್ತಾದವರಿಗೆ ನಿಕ್ಷಯ್ ನಂಬರ್ (ಸರ್ಕಾರದ ಟಿಬಿ ದಾಖಲೆಯಲ್ಲಿ ರೋಗಿಯ ನಂಬರ್) ಕೊಟ್ಟಿರುತ್ತಾರೆ. ಅದನ್ನು ತೋರಿಸಿದರೆ ದೇಶದ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಚಿಕಿತ್ಸೆ ಮುಂದುವರಿಸಬಹುದು.

ತೊಡಕು ಇರುವುದು ದುಡಿಮೆಯಲ್ಲಿ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು, ಅಂತ ಲೆಕ್ಕ. ಊರು ಬಿಡುವ ಮೊದಲೇ ಮುಕಾದಮನಿಂದ, ಅಂದರೆ ಆಳು ಕರೆತರುವ ಮೇಸ್ತ್ರಿಯಿಂದ, ಮುಂಗಡ ತಂದಿರುತ್ತಾರೆ, ಅದು ಕಡಿದ ಕಬ್ಬಿನ ಟನ್ ಲೆಕ್ಕದಲ್ಲಿ ತೀರಬೇಕು. ಒಂದು ದಿನ ಕೆಲಸ ತಪ್ಪಿದರೆ ಕೂಲಿ ಹೋಗುವುದಲ್ಲದೆ ಎಷ್ಟೋ ಕಡೆ ದಂಡವೂ ಬೀಳುತ್ತದೆ. ನಸುಕಿನಲ್ಲೇ ಫಡಕ್ಕೆ (ಕಬ್ಬು ಕಡಿಯುವ ಹೊಲಕ್ಕೆ) ಹೋದವರು ಕಡಿದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರ್ಯಾಕ್ಟರ್‌ಗೆ ಏರಿಸುವಷ್ಟರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಬಾಗಿಲು ಹಾಕಿರುತ್ತದೆ. ಹಾಗಾಗಿ ಕೆಮ್ಮು ಶುರುವಾದರೆ ಕಫ ಪರೀಕ್ಷೆಗೆ ಯಾರು ಹೋಗುತ್ತಾರೆ? ರಾತ್ರಿ ಸಿಗುವ ಡಾಕ್ಟರ ಹತ್ತಿರ ಒಂದು ಇಂಜೆಕ್ಷನ್, ಅಂಗಡಿಯಿಂದ ಒಂದು ಸಿರಪ್, ಅಷ್ಟೇ.

ಇನ್ನೊಂದು ಲೆಕ್ಕ ನೋಡಿ. ಮಾಮೂಲಿ ಟಿಬಿಗೆ ಕನಿಷ್ಠ 6 ತಿಂಗಳ ಮಾತ್ರೆ. ಇವರು ದೀಪಾವಳಿ ಆಸುಪಾಸು ಬಂದು ಮಾರ್ಚ್ ಹೊತ್ತಿಗೆ ವಾಪಸ್. ಅಲ್ಲಿ ಶುರುವಾದದ್ದು ಇಲ್ಲಿ ಮುಂದುವರಿಯಬೇಕು, ಇಲ್ಲಿ ಶುರುವಾದದ್ದು ಅಲ್ಲಿ ಮುಗಿಯಬೇಕು. ಅದರ ನಡುವೆ ಫ್ಯಾಕ್ಟರಿಯವರು ಗ್ಯಾಂಗನ್ನು ಬೇರೆ ಊರಿನ ಫಡಕ್ಕೆ ಕಳಿಸಿದರೆ ಆಶಾ ಕಾರ್ಯಕರ್ತೆ ಬಂದು ನೋಡುವಾಗ ಗುಡಿಸಲು ಇದ್ದ ಜಾಗದಲ್ಲಿ ಒಲೆಯ ಕಲ್ಲು ಮಾತ್ರ ಇರುತ್ತದೆ. ಮಾತ್ರೆ ನುಂಗಿದ ಕೆಲವು ವಾರಕ್ಕೆ ಕೆಮ್ಮು, ಜ್ವರ ಇಳಿಯುತ್ತದೆ, ವಾಸಿಯಾಯಿತು ಅಂತ ಬಿಟ್ಟುಬಿಡುತ್ತಾರೆ. ಮೂತ್ರ ಕೆಂಪಗಾಯಿತು ಅಂತ ಹೆದರಿ ಬಿಡುವವರೂ ಇದ್ದಾರೆ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ಅಪಾಯವಿಲ್ಲ. ಮೊದಲ ದಿನವೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಅಲ್ವಾ? ಹೀಗೆ ಬಿಟ್ಟರೆ ಮುಂದೆ ಆ ಮಾತ್ರೆಗೇ ಜಗ್ಗದ ಟಿಬಿ ಬರಬಹುದು.

ಹರಡುವುದು ತಟ್ಟೆ, ಲೋಟದಿಂದಲ್ಲ, ಗಾಳಿಯಿಂದ. ಬಗ್ಗಿ ಒಳಗೆ ಹೋಗಬೇಕಾದ ತಾಡಪತ್ರೆಯ ಗುಡಿಸಲು, ಕಿಟಕಿಯಿಲ್ಲ, ಚಳಿಗೆ ಬಾಗಿಲಿಗೂ ಗೋಣಿಚೀಲ ಕಟ್ಟಿ ಮಕ್ಕಳ ಸಮೇತ ಮಲಗುತ್ತಾರೆ. ಅದಕ್ಕೇ ಒಬ್ಬರಿಗೆ ಬಂದರೆ ಜೊತೆಯವರನ್ನೂ ಪರೀಕ್ಷೆ ಮಾಡಿ, ರೋಗವಿಲ್ಲ ಅಂತ ಖಾತ್ರಿಯಾದ ಮೇಲೆ ತಡೆ ಮಾತ್ರೆ ಕೊಡುವ ಪದ್ಧತಿ ಇದೆ. ಅದರಲ್ಲಿ ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಒಂದು ಕ್ರಮವೂ ಉಂಟು, ಈ ಜನಕ್ಕೆ ಅದೇ ಸರಿ ಹೊಂದುತ್ತದೆ ಅಂತ ನನ್ನ ಅನಿಸಿಕೆ.

ರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಒಳ್ಳೆಯದೇ. ಆದರೆ ಮುಂಗಡದ ಮುಂದೆ ಅದೆಷ್ಟರದ್ದು? ನನ್ನ ಕೇಳಿದರೆ ಹಂಗಾಮು ಶುರುವಾದ ಮೊದಲ ವಾರದಲ್ಲೇ, ಸಂಜೆ ಹೊತ್ತು, ಫ್ಯಾಕ್ಟರಿಯವರು ಮುಕಾದಮನನ್ನು ಜೊತೆಗೆ ಕರೆದುಕೊಂಡು ಗುಡಿಸಲಿನ ಹತ್ತಿರವೇ ಕಫ ಪರೀಕ್ಷೆ ಮಾಡಿಸಬೇಕು. ಯಾವ ಗ್ಯಾಂಗ್ ಯಾವ ಫಡದಲ್ಲಿದೆ ಅನ್ನುವ ಪಟ್ಟಿ ಅವರ ಹತ್ತಿರ ದಿನಾ ಇರುತ್ತದೆ, ಆಶಾ ಕಾರ್ಯಕರ್ತೆಯ ಹತ್ತಿರ ಇರುವುದಿಲ್ಲ.