ಮಗಳು ಇಷ್ಟದ ಗೊಂಬೆ ಕೊಡಲು ಒಪ್ಪುತ್ತಿಲ್ಲ, ಒತ್ತಾಯ ಮಾಡಬಹುದೇ?

ಆರು ವರ್ಷದ ಮಗಳಿಗೆ ಕೊಡುವ ಬುದ್ಧಿ ಬರಲಿ ಎಂದು, ಅವಳು ತಬ್ಬಿಕೊಂಡು ಮಲಗುವ ಗೊಂಬೆಯನ್ನೇ ದಸರೆಗೆ ಓಣಿಯ ಮಗುವಿಗೆ ಕೊಡಿಸಬೇಕೆಂದಿದ್ದೀರಿ, ಅವಳು ಅಳುತ್ತಿದ್ದಾಳೆ. ಆ ಗೊಂಬೆಯ ತಂಟೆಗೆ ಹೋಗಬೇಡಿ ಎಂದೇ ನಾನು ಹೇಳುತ್ತೇನೆ. ಕಸಿದು ಕೊಟ್ಟರೆ ನಾಳೆಯಿಂದ ಉಳಿದವನ್ನೂ ಹಾಸಿಗೆ ಕೆಳಗೆ ಮುಚ್ಚಿಡುತ್ತಾಳೆ. ಚೆರ್ನ್ಯಾಕ್ ಮತ್ತು ಕುಶ್ನಿರ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನೇ ಇಟ್ಟುಕೊಳ್ಳಬಹುದಾಗಿದ್ದ ಸ್ಟಿಕರನ್ನು ಮನಸ್ಸು ಮಾಡಿ ಬೇಸರದಲ್ಲಿದ್ದ ಬೊಂಬೆಗೆ ಕೊಟ್ಟ ಪುಟ್ಟ ಮಕ್ಕಳು, ‘ಕೊಡಲೇಬೇಕು’ ಅನ್ನಿಸಿಕೊಂಡು ಕೊಟ್ಟವರಿಗಿಂತ ಮುಂದೆ ಹೆಚ್ಚು ಹಂಚಿಕೊಂಡರು.

ಪಂಚಮಿಯ ಉಂಡಿಯಿಂದಲೇ ರೂಢಿ ಮಾಡಿಸಬಹುದು. ಶೇಂಗಾ ಉಂಡಿ ಕಟ್ಟಿದಾಗ ಎಂಟನ್ನು ಅವಳದೇ ಡಬ್ಬಿಗೆ ಹಾಕಿ, ‘ಇವು ನಿನ್ನವು’ ಅನ್ನಿ. ತಿನ್ನುವುದೋ ಗೆಳತಿಗೆ ಕೊಡುವುದೋ ಅವಳಿಗೆ ಬಿಟ್ಟದ್ದು. ಮನೆಯ ಡಬ್ಬಿಯಿಂದ ತೆಗೆದು ಕಳಿಸಿದರೆ ಕೊಟ್ಟವಳು ಅವ್ವ, ಮಗು ಬರೀ ಹೊತ್ತುಕೊಂಡು ಹೋದಂಗ.

ಆಟಿಕೆಯ ಸರದಿ ಬಂದಾಗ ಎಲ್ಲವನ್ನೂ ಜಮಖಾನೆಯ ಮೇಲೆ ಹರವಿ. ಎಂದೂ ಕೊಡದ ಮೂರನ್ನು ಮೊದಲು ಅವಳೇ ಎತ್ತಿಡಲಿ; ಆ ಧೈರ್ಯ ಸಿಕ್ಕ ಮೇಲೆ ಉಳಿದವುಗಳಲ್ಲಿ ಒಂದನ್ನು ಆರಿಸುವುದು ಹಗುರ. ಗಾಲಿ ಮುರಿದ ಗಾಡಿ ಎತ್ತಿದರೆ ಬೈಯಬೇಡಿ, ‘ನಿನ್ನ ಗೆಳತಿ ಇದನ್ನ ನಿನಗ ಕೊಟ್ರ ಆಡ್ತಿದ್ದೇನು?’ ಎಂದು ಕೇಳಿ.

ಕೊಡುವ ಮೊದಲು ಅವಳನ್ನೂ ಕೂಡಿಸಿಕೊಂಡು ಸ್ವಚ್ಛ ಮಾಡಿ. ಬಟ್ಟೆ ಗೊಂಬೆ ತೊಳೆದರೆ ಒಳಗಿನ ಹತ್ತಿ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಮುಗ್ಗಲು ವಾಸನೆ ಹೊಡೆಯುತ್ತದೆ. ಸೆಲ್ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿದ್ದರೆ ಆ ಕೆಲಸ ದೊಡ್ಡವರದು: ಸೆಲ್ ತೆಗೆದು, ಲಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿ. ಬಟನ್ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಆಟಿಕೆ ಬೇಡವೇ ಬೇಡ. ಮಗು ಆ ಸೆಲ್ ನುಂಗಿದರೆ ಅನ್ನನಾಳವೇ ಸುಡುತ್ತದೆ, ಜೀವಕ್ಕೇ ಅಪಾಯ.

ದಸರೆಯ ದಿನ ನೀವು ಆರಿಸಿದ್ದು ಒಳ್ಳೆಯದೇ ಆಯಿತು. ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎಂದು ಎರಡೂ ಕಡೆಯವರು ಕೊಟ್ಟು ತಗೊಳ್ಳುವ ಹಬ್ಬ ಅದು. ಬನ್ನಿ ಎಲೆಯ ಜತೆ ಆಟಿಕೆ ಹೋದರೆ ತಗೊಂಡ ಮಗುವಿಗೆ ‘ಬಡವರಿಗೆ ಕೊಟ್ಟರು’ ಅನ್ನಿಸುವುದಿಲ್ಲ. ಆ ಮನೆಯವರನ್ನು ಮೊದಲೇ ಕೇಳಿಡಿ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ.

ಎರಡು ದಿನ ಬಿಟ್ಟು ‘ನನ್ನ ಗಾಡಿ ಬೇಕು’ ಎಂದು ಅತ್ತರೆ ಸಮಾಧಾನಕ್ಕೆಂದು ಹೊಸದು ತರಬೇಡಿ. ‘ಹೌದವಾ, ನೆನಪಾಗ್ತದ’ ಎಂದು ಹತ್ತಿರ ಕೂತುಕೊಳ್ಳಿ. ಸಂಜೆ ಆ ಮನೆಗೆ ಕರೆದುಕೊಂಡು ಹೋಗಿ, ಇಬ್ಬರೂ ಕೂಡಿ ಆಡಲಿ.